ರ್ಯಾಕ್ ವಾಲುವ ಮೊದಲು

ಗ್ರಂಥಾಲಯದಲ್ಲಿ ಅಪಾಯ ಅಂದರೆ ಎಲ್ಲರಿಗೂ ಮೊದಲು ಬೆಂಕಿ ನೆನಪಾಗುತ್ತದೆ. ನನಗೆ ಹೆಚ್ಚು ಭಯ ಕಬ್ಬಿಣದ ರ್ಯಾಕಿನದು. ಮೂರಡಿ ಅಗಲದ ಒಂದು ತಟ್ಟೆ ತುಂಬ ಪುಸ್ತಕ ಜೋಡಿಸಿದರೆ ಸುಮಾರು 30 ಕೆಜಿ. ಆರು ತಟ್ಟೆಗೆ 180. ನಿಘಂಟು, ವಿಶ್ವಕೋಶಗಳನ್ನೆಲ್ಲ ಮೇಲೇರಿಸಿ ಕೆಳಗೆ ಖಾಲಿ ಬಿಟ್ಟರೆ, ಮಗುವೊಂದು ತಟ್ಟೆ ಹಿಡಿದು ಹತ್ತಲು ಹೋದರೂ ಸಾಕು, ರ್ಯಾಕ್ ಮುಂದಕ್ಕೆ ಮಗುಚಬಹುದು. ದಪ್ಪ ಸಂಪುಟಗಳು ಕೆಳಗೇ ಇರಲಿ.

ಗೋಡೆ ಪಕ್ಕದ ರ್ಯಾಕಿನ ಮೇಲ್ತುದಿಗೆ ಎರಡೂ ಕಡೆ ಎಲ್ ಆಕಾರದ ಕ್ಲಾಂಪ್ ಹಾಕಿ ಬಿಗಿಯಿರಿ. ಬರೀ ಗಾರೆಯಲ್ಲಿ ಕೂತ ಸ್ಕ್ರೂ ಕಿತ್ತು ಬರುತ್ತದೆ. ಅದು ಇಟ್ಟಿಗೆಯವರೆಗೂ ಇಳಿಯಬೇಕು. ನಡುಸಾಲಿನ ರ್ಯಾಕುಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಬೋಲ್ಟ್ ಮಾಡಿ, ಸಾಲುಸಾಲಿನ ತಲೆಗೆ ಅಡ್ಡಪಟ್ಟಿ ಕೊಡಿ. ಮೂಲೆಯ ತ್ರಿಕೋನ ಪ್ಲೇಟು ಬಿಟ್ಟು ಜೋಡಿಸಿದ್ದರೆ ರ್ಯಾಕ್ ಪಕ್ಕಕ್ಕೆ ಓಲಾಡುತ್ತದೆ. ಭುಜದೆತ್ತರದಲ್ಲಿ ಅಂಗೈ ಇಟ್ಟು ಮೆಲ್ಲಗೆ ತಳ್ಳಿ ನೋಡಿ, ತಿಳಿಯುತ್ತದೆ.

ಇನ್ನು ಬೆಂಕಿ. ಕಾಗದಕ್ಕೆ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಸಾಲದು: ಉರಿ ಆರುತ್ತದೆ, ಒಳಗಿನ ಕೆಂಡ ಮತ್ತೆ ಹೊತ್ತಿಕೊಳ್ಳುತ್ತದೆ. ಎಬಿಸಿ ಪೌಡರಿನದು, ಅಂದರೆ ಕಾಗದದ ಬೆಂಕಿಗೂ ಆಗುವ ಪುಡಿ ತುಂಬಿದ್ದು, ಇಡಿ; ಅದರ ಒತ್ತಡ ತೋರಿಸುವ ಮುಳ್ಳು ಹಸಿರಿನಲ್ಲಿದೆಯೇ ತಿಂಗಳಿಗೊಮ್ಮೆ ನೋಡಿ. ಹಿಂಬಾಗಿಲಿಗೆ ಹಳೇ ಪತ್ರಿಕೆಗಳ ಕಟ್ಟು ಒಟ್ಟಿದ್ದರೆ ಇವತ್ತೇ ತೆಗೆಸಿ. ಓದುಗರು ಒಳಗಿರುವಷ್ಟು ಹೊತ್ತು ಆ ಬಾಗಿಲಿಗೆ ಬೀಗ ಬೇಡ.