ಕಳ್ಳ ಹೊತ್ತದ್ದು ಒಂದು ಸಲ

'ಅವರು ತೀರಿಕೊಂಡರು ಸಾಹೇಬರೇ' ಎಂದರು ಅಜ್ಜಿ. ಆ ಮಾತು ಮುಗಿಯುವ ಮೊದಲೇ ಒಳಗಿನ ಕತ್ತಲೆ ಕೋಣೆಯಲ್ಲಿ ಯಾರೋ ಕೆಮ್ಮಿದರು.

'ಯಾವಾಗ ಅವ್ವ?' ಎಂದೆ.

ಅಜ್ಜಿಯ ಕೈಯಲ್ಲಿ ಮೊರವಿತ್ತು. ಎರಡು ಸಲ ಕೇರಿದರು. ಹೊಟ್ಟು ಗಾಳಿಗೆ ಹಾರಿತು, ಕಡಲೆಕಾಳು ಮೊರದ ಮೂಲೆಗೆ ಸರಿದು ಕೂತವು. ಆಮೇಲೆ ತಲೆ ಎತ್ತದೆ ಹೇಳಿದರು: 'ನೀವು ಬರುವ ಸ್ವಲ್ಪ ಮುಂಚೆ.'

ನನ್ನ ಜೊತೆ ಬಂದಿದ್ದ ಹೊಸ ಹುಡುಗ ಬೇವಿನ ಮರದ ಕಡೆ ಮುಖ ತಿರುಗಿಸಿ ನಿಂತ. ಅವನ ಭುಜಗಳು ಕುಲುಕುತ್ತಿದ್ದವು. ಇದು ಹೋದ ಸೋಮವಾರದ ಮಾತು. ಇವತ್ತು ಗುರುವಾರ. ನಾಲ್ಕು ದಿನದಿಂದ ನೆನೆಸಿಕೊಂಡು ನಗುತ್ತಿದ್ದೇನೆ. ನಗು ಇಳಿಯುವಷ್ಟರಲ್ಲಿ ಆ ಮನೆಯ ಅಜ್ಜ ಆಮೇಲೆ ಆಡಿದ ಇನ್ನೊಂದು ಮಾತು ನೆನಪಿಗೆ ಬಂದು ಎದೆಯಲ್ಲಿ ಕೂತುಬಿಡುತ್ತದೆ.

ನಾನು ಕೊಪ್ಪಳ ಜಿಲ್ಲೆಯ ಒಂದು ಠಾಣೆಯಲ್ಲಿ ಹೆಡ್ ಕಾನ್‌ಸ್ಟೆಬಲ್. ಸರ್ವಿಸ್ ಹತ್ತೊಂಬತ್ತು ವರ್ಷ. ಎರಡು ವರ್ಷದಿಂದ ಕೋರ್ಟ್ ಡ್ಯೂಟಿ, ಅಂದರೆ ಸಮನ್ಸ್, ವಾರಂಟ್ ಹಿಡಿದುಕೊಂಡು ಹಳ್ಳಿ ಸುತ್ತುವುದು. ನಮ್ಮ ಬೈಕ್ ಊರ ಮುಂದಿನ ಹನುಮಪ್ಪನ ಗುಡಿ ದಾಟುವ ಮೊದಲೇ ಸುದ್ದಿ ಕೊನೆಯ ಓಣಿ ಮುಟ್ಟಿರುತ್ತದೆ. ಹೆಲ್ಮೆಟ್ ತೆಗೆದು ಹೊಸ ನೀಲಿ ಪೀಕ್ ಕ್ಯಾಪ್ ಹಾಕಿಕೊಂಡರೆ ಮುಗಿಯಿತು, ಸಿಪಿಐ ಸಾಹೇಬರೇ ಬಂದಿದ್ದಾರೆಂದು ಕಟ್ಟೆಯ ಮೇಲಿನ ಮಂದಿ ಎದ್ದು ನಿಲ್ಲುತ್ತಾರೆ. ಹಳೆಯ ಹ್ಯಾಟ್ ಇದ್ದಾಗ ಪೇದೆ ಯಾರು, ಸಾಹೇಬ ಯಾರು ಎಂದು ದೂರದಿಂದಲೇ ತಿಳಿಯುತ್ತಿತ್ತು. ಈಗ ಅವರಿಗೆ ಗೊಂದಲ, ನನಗೆ ಮುಜುಗರ.

ಕೇಳಿದ ಮನುಷ್ಯ ಎಂದೂ ಊರಲ್ಲಿರುವುದಿಲ್ಲ. ಗೋವಾಕ್ಕೆ ದುಡಿಯಲು ಹೋಗಿರುತ್ತಾನೆ, ಇಲ್ಲವೇ ಬೆಂಗಳೂರಿಗೆ, ಮಂಗಳೂರಿಗೆ. ಎಷ್ಟೋ ಸಲ ಅದು ನಿಜವೂ ಹೌದು. ಮಳೆ ಕೈಕೊಟ್ಟ ವರ್ಷ ನಮ್ಮ ಕಡೆ ಅರ್ಧ ಓಣಿ ಬೀಗ ಹಾಕಿರುತ್ತದೆ. ಇದ್ದರೂ ಒಂದೇ ಊರಿನಲ್ಲಿ ನಾಲ್ಕು ಮಂದಿ ಹನುಮಪ್ಪ, ಅವರಲ್ಲಿ ಇಬ್ಬರ ತಂದೆಯ ಹೆಸರೂ ಒಂದೇ. ಒಮ್ಮೆ ಒಬ್ಬಾತ, 'ಬನ್ನಿ, ನಾನೇ ತೋರಿಸುತ್ತೇನೆ' ಎಂದು ನನ್ನ ಬೈಕ್ ಹತ್ತಿ ಕೂತ. ಇಡೀ ಊರು ಸುತ್ತಿಸಿದ. ಎರಡು ಮನೆಯಲ್ಲಿ ಚಹಾ ಕುಡಿಸಿದ. ಕೊನೆಗೆ 'ಎಲ್ಲೂ ಸಿಗಲಿಲ್ಲ, ಇನ್ನೊಮ್ಮೆ ಬನ್ನಿ' ಎಂದು ಕೈಮುಗಿದು ಇಳಿದ. ನಾನು ಹುಡುಕುತ್ತಿದ್ದವನು ಅವನೇ ಎಂದು ತಿಳಿದದ್ದು ಮರುದಿನ. ನನಗೆ ಸಿಟ್ಟು ಬರಲಿಲ್ಲ. ಅಷ್ಟು ಪ್ರೀತಿಯಿಂದ ನನ್ನನ್ನು ಊರು ಸುತ್ತಿಸಿದವರು ಬೇರೆ ಯಾರೂ ಇಲ್ಲ.

ಸೋಮವಾರದ ಅಜ್ಜಿಗೂ ಸಿಟ್ಟು ಮಾಡಲಿಲ್ಲ. ನಮ್ಮ ಹುಡುಗ ಮಾತ್ರ ನಗು ತಡೆದುಕೊಂಡು, 'ಬಾಗಿಲಿಗೆ ಅಂಟಿಸಿ ಹೋಗೋಣ ಸರ್' ಎಂದ. ಕಾನೂನಿನಲ್ಲಿ ಅದಕ್ಕೂ ಅವಕಾಶವಿದೆ. ಯಾವ ರೀತಿಯಿಂದಲೂ ಜಾರಿಯಾಗದಿದ್ದರೆ ಮನೆಯ ಎದ್ದು ಕಾಣುವ ಜಾಗಕ್ಕೆ ಒಂದು ಪ್ರತಿ ಅಂಟಿಸಬಹುದು. ಹುಡುಗ ಒಳ್ಳೆಯವನು, ಓದಿಕೊಂಡವನು, ಆದರೆ ಅವಸರ ಬಹಳ. ಒಳಗೆ ಕೆಮ್ಮುತ್ತಿರುವ ಮನುಷ್ಯನ ಬಾಗಿಲಿಗೆ ಕಾಗದ ಅಂಟಿಸಿ ಹೋಗುವುದು ನನ್ನ ಕೈಯಲ್ಲಿ ಆಗದ ಕೆಲಸ.

'ಅವ್ವ, ತೀರಿಕೊಂಡವರ ಸಮನ್ಸ್ ವಾಪಸ್ ಕಳಿಸಬೇಕಾದರೆ ಮರಣ ಪ್ರಮಾಣಪತ್ರ ಬೇಕು. ಮಾಡಿಸಿದ್ದೀರಾ?'

'ಇಲ್ಲ, ಮಾಡಿಸುತ್ತೇನೆ. ಎಷ್ಟು ದಿನ ಹಿಡಿಯುತ್ತದೆ?'

ಆಗ ಒಳಗಿನಿಂದ ಗಟ್ಟಿ ಧ್ವನಿ ಬಂತು: 'ಅದೊಂದನ್ನು ಮಾಡಿಸಬೇಡ! ಪಗಾರ ನಿಂತುಹೋಗುತ್ತದೆ!'

ಪಗಾರವೆಂದರೆ ಸಂಧ್ಯಾ ಸುರಕ್ಷಾ ಪಿಂಚಣಿ, ತಿಂಗಳಿಗೆ 1,200 ರೂಪಾಯಿ. ನಮ್ಮ ಹಳ್ಳಿಗಳಲ್ಲಿ ಅದನ್ನು ಯಾರೂ ಪಿಂಚಣಿ ಎನ್ನುವುದಿಲ್ಲ. ಅಜ್ಜ ಪಂಚೆ ಸರಿಪಡಿಸಿಕೊಳ್ಳುತ್ತ ಹೊರಗೆ ಬಂದರು. ಅಜ್ಜಿ ಮೊರದಿಂದ ಮುಖ ಮುಚ್ಚಿಕೊಂಡರು. ಮೊರದ ಹಿಂದೆ ಅವರೂ ನಗುತ್ತಿದ್ದರು. ನಾವು ನಾಲ್ವರೂ ಅಂಗಳದಲ್ಲಿ ನಿಂತು ನಕ್ಕೆವು. ಖಾಕಿ ತೊಟ್ಟು ಒಂದು ಮನೆಯ ಅಂಗಳದಲ್ಲಿ ಹಾಗೆ ನಕ್ಕದ್ದು ನನಗೆ ಇನ್ನೊಂದು ಸಲ ನೆನಪಿಲ್ಲ.

ಆಮೇಲೆ ಅಜ್ಜ ಕಟ್ಟೆಯ ಮೇಲೆ ಕೂತು ಮಾತು ಶುರು ಮಾಡಿದರು.

ಈ ಅಜ್ಜ ಆರೋಪಿಯಲ್ಲ. ದೂರು ಕೊಟ್ಟವರೇ ಅವರು. 2024ರ ಆಗಸ್ಟ್‌ನಲ್ಲಿ ಅವರ ಬಾವಿಯ ಮೇಲಿದ್ದ 5 ಎಚ್‌ಪಿ ಮೋಟರ್ ಕಳವಾಗಿತ್ತು. ಆ ವಾರ ನನಗೂ ಚೆನ್ನಾಗಿ ನೆನಪಿದೆ. ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಗಿತ್ತು. ನಿದ್ದೆ ಇಲ್ಲ, ಊಟಕ್ಕೆ ಹೊತ್ತಿಲ್ಲ. ನಾವೆಲ್ಲ ಹೊಳೆಯ ದಂಡೆಯ ಊರುಗಳಲ್ಲಿ ಜನರನ್ನು ನೀರಿನ ಹತ್ತಿರ ಬಿಡದಂತೆ ಕಾಯುತ್ತಿದ್ದೆವು. 'ನೀವು ಹೊಳೆ ಕಾಯಲು ಹೋದಿರಿ, ಅವನು ನನ್ನ ಬಾವಿಗೆ ಬಂದ' ಎಂದರು ಅಜ್ಜ. ದೂರುವ ಧ್ವನಿ ಅಲ್ಲ, ನಡೆದದ್ದನ್ನು ಹೇಳುವ ಧ್ವನಿ.

ಕಳ್ಳ ಎರಡು ತಿಂಗಳಲ್ಲಿ ಸಿಕ್ಕ. ಮೋಟರೂ ಸಿಕ್ಕಿತು. ಠಾಣೆಯಲ್ಲಿ ಸಾಲಾಗಿ ಇಟ್ಟಿದ್ದ ಆರು ಮೋಟರುಗಳಲ್ಲಿ ತಮ್ಮದನ್ನು ಅಜ್ಜ ಬೆರಳಿನಿಂದಲೇ ಗುರುತಿಸಿದ್ದರು. ಆಯುಧ ಪೂಜೆಯ ಕುಂಕುಮ ಎಣ್ಣೆಗೆ ಹತ್ತಿ ಕಪ್ಪಾಗಿತ್ತು, ಅದನ್ನು ಉಗುರಿನಿಂದ ಕೆರೆದು ಕೆಂಪು ತೋರಿಸಿದರು. ಕೋರ್ಟ್ ಕೇಳಿದಾಗ ಹಾಜರುಪಡಿಸುತ್ತೇನೆಂದು ಮುಚ್ಚಳಿಕೆ ಬರೆದುಕೊಟ್ಟು ಮನೆಗೆ ಒಯ್ದರು. ಅಲ್ಲಿಗೆ ನಮ್ಮ ಪಾಲಿಗೆ ಕೆಲಸ ಮುಗಿದಿತ್ತು. ಪತ್ತೆಯಾದ ಪ್ರಕರಣಗಳ ಪಟ್ಟಿಯಲ್ಲಿ ಅದೂ ಒಂದು.

ಅಜ್ಜನ ಪಾಲಿಗೆ ಕೆಲಸ ಶುರುವಾದದ್ದೇ ಆಗ. ವಿಚಾರಣೆಯ ತಾರೀಖು ಬಂತು. ಮುಚ್ಚಳಿಕೆಯಲ್ಲಿ ಬರೆದುಕೊಟ್ಟಿದ್ದಾರಲ್ಲ, ಕೇಳಿದಾಗ ಹಾಜರುಪಡಿಸುತ್ತೇನೆ ಎಂದು? ಬಾವಿಯಿಂದ ಮೋಟರ್ ಬಿಚ್ಚಿದರು. ನಲವತ್ತೈವತ್ತು ಕಿಲೊ ಭಾರ. ಮೊಮ್ಮಗನೊಂದಿಗೆ ಹೊತ್ತು ರಸ್ತೆಗೆ ತಂದರು, ಟಂಟಂನಲ್ಲಿ ಹೇರಿದರು, ಅಲ್ಲಿಂದ ಬಸ್ಸಿಗೆ ಹಾಕಿದರು, ಕಂಡಕ್ಟರ್ ಲಗೇಜಿನ ಟಿಕೆಟ್ ಹರಿದ. ಕೋರ್ಟಿನ ಮುಂದಿನ ಹುಣಸೆ ಮರದ ಕೆಳಗೆ ಮೋಟರಿನ ಮೇಲೆ ಗೋಣಿಚೀಲ ಹಾಸಿ ಅದರ ಮೇಲೆ ಕೂತರು. ಆ ದಿನ ಆರೋಪಿಯನ್ನು ಜೈಲಿನಿಂದ ಕರೆತರಲು ಸಿಬ್ಬಂದಿ ಇರಲಿಲ್ಲ. ಎರಡನೆಯ ಸಲ ಜಡ್ಜ್ ಸಾಹೇಬರು ರಜೆ. ಮೂರನೆಯ ಸಲ ಆರೋಪಿಯ ವಕೀಲರು ಬೇರೊಂದು ತಾರೀಖು ಕೇಳಿದರು. ನಾಲ್ಕನೆಯ ಸಲ ಎಲ್ಲರೂ ಇದ್ದರು, ಇವರ ಹೆಸರನ್ನೂ ಮೂರು ಸಲ ಕೂಗಿದರು, ಒಳಗೆ ಹೋಗುವಷ್ಟರಲ್ಲಿ ಹಿಂದಿನ ಪ್ರಕರಣವೇ ಮುಗಿಯದೆ ಹೊತ್ತು ಮೀರಿತು.

'ಕಳ್ಳ ಆ ಮೋಟರನ್ನು ಹೊತ್ತದ್ದು ಒಂದು ಸಲ ಸಾಹೇಬರೇ' ಎಂದರು ಅಜ್ಜ. 'ನಾನು ಹೊತ್ತದ್ದು ನಾಲ್ಕು ಸಲ.'

ಐದನೆಯ ತಾರೀಖಿಗೆ ಅವರು ಹೋಗಲಿಲ್ಲ. ಶೇಂಗಾ ಬಿತ್ತಿದ್ದರು, ಬಾವಿಯ ಮೋಟರ್ ಬಿಚ್ಚಿದರೆ ಎರಡು ದಿನ ನೀರಿಲ್ಲ. ಅದಕ್ಕೇ ಈಗ ಮತ್ತೆ ಸಮನ್ಸ್. ಇದಕ್ಕೂ ಬಾರದಿದ್ದರೆ ಮುಂದೆ ವಾರಂಟ್. ಮೋಟರ್ ಕಳೆದುಕೊಂಡ ಮನುಷ್ಯನ ಹೆಸರಿನಲ್ಲಿ ವಾರಂಟ್ ಹಿಡಿದುಕೊಂಡು ಇದೇ ಅಂಗಳಕ್ಕೆ ನಾನೇ ಬರಬೇಕಾಗುತ್ತಿತ್ತು. ಕಳ್ಳ ಜಾಮೀನಿನ ಮೇಲೆ ಹೊರಗಿದ್ದಾನೆ. ಅವನು ತಾರೀಖು ತಪ್ಪಿಸುವುದಿಲ್ಲ, ಕೈಬೀಸಿಕೊಂಡು ಬಂದು ಕೈಬೀಸಿಕೊಂಡು ಹೋಗುತ್ತಾನೆ.

ಅಜ್ಜನ ಬಳಿ ಒಂದು ಉಪಾಯವಿತ್ತು. 'ಬಸ್ಸಿನಲ್ಲಿ ಹೆಂಗಸರಿಗೆ ಪುಕ್ಕಟೆ. ಸಾಕ್ಷಿ ಹೇಳಲು ಇವಳನ್ನೇ ಕಳಿಸಿದರೆ ನಡೆಯುವುದಿಲ್ಲವೇ?'

ಸಾಕ್ಷಿ ನೀವೇ ಹೇಳಬೇಕು ಅಜ್ಜ, ಆದರೆ ನೀವು ಸಿಗದಿದ್ದರೆ ಸಮನ್ಸ್ ತೆಗೆದುಕೊಳ್ಳಲು ಅವ್ವನಿಗೆ ಈಗ ಬರುತ್ತದೆ ಎಂದೆ. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ, ಸಮನ್ಸಿನ ಮನುಷ್ಯ ಸಿಗದಿದ್ದರೆ ಮನೆಯ ವಯಸ್ಕ ಗಂಡಸಿನ ಕೈಗೆ ಮಾತ್ರ ಕೊಡಬೇಕೆಂದಿತ್ತು. 2024ರ ಜುಲೈ 1ರಿಂದ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಆ 'ಗಂಡಸು' ಎಂಬ ಪದ ಹೋಗಿದೆ. ಮನೆಯ ಯಾವ ವಯಸ್ಕರಾದರೂ ಸರಿ.

'ಇಷ್ಟು ದಿನ ನನ್ನ ಕೈಗೆ ಕೊಟ್ಟಿದ್ದರೆ ಆ ಕಾಗದಕ್ಕೆ ಏನಾಗುತ್ತಿತ್ತು?' ಎಂದರು ಅಜ್ಜಿ.

ನನ್ನ ಬಳಿ ಉತ್ತರ ಇರಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ನಾನು ಬಾಗಿಲು ತಟ್ಟಿದ ಮನೆಗಳಲ್ಲಿ ಹೊರಗೆ ಬಂದು ಮಾತನಾಡಿದವರು ಬಹುಪಾಲು ಹೆಂಗಸರೇ. ಗಂಡ ಅಟ್ಟದ ಮೇಲಿರುತ್ತಾನೆ, ಮಗ ಹಿತ್ತಿಲು ಹಾರಿರುತ್ತಾನೆ. ಖಾಕಿಯ ಎದುರು ನಿಂತು ಸುಳ್ಳೋ ನಿಜವೋ ಒಂದು ಮಾತು ಹೇಳುವ ಎದೆ ಅವರದು. ಅವರನ್ನೇ ಕಾಗದ ತೆಗೆದುಕೊಳ್ಳಲು ಲಾಯಕ್ಕಲ್ಲ ಎಂದು ಐವತ್ತು ವರ್ಷ ಬಿಟ್ಟದ್ದು ನನಗೂ ಸೋಮವಾರದವರೆಗೆ ವಿಚಿತ್ರವೆನಿಸಿರಲಿಲ್ಲ.

ಸಮನ್ಸಿನ ಇನ್ನೊಂದು ಪ್ರತಿಯ ಹಿಂಬದಿಗೆ ಅಜ್ಜನ ಹೆಬ್ಬೆಟ್ಟು ಬೇಕಿತ್ತು. ನನ್ನ ಚೀಲದ ಸ್ಟ್ಯಾಂಪ್ ಪ್ಯಾಡ್ ಒಣಗಿ ಹೋಗಿತ್ತು. ಅಜ್ಜಿ ಎದ್ದು ಎರಡು ಹನಿ ನೀರು ಹಾಕಿದರು. ಅಜ್ಜನ ಹೆಬ್ಬೆರಳಿನ ಗೆರೆಗಳಲ್ಲಿ ಮಣ್ಣು ಎಷ್ಟು ಕೂತಿತ್ತೆಂದರೆ ಮೊದಲ ಎರಡು ಗುರುತುಗಳಲ್ಲಿ ನೀಲಿಯ ಬದಲು ಕಂದು ಬಣ್ಣವೇ ಮೂಡಿತು. ಮೂರನೆಯದು ಸರಿಬಂತು. ಹೊರಡುವಾಗ ಅಜ್ಜಿ ಹೊಸ ಹುಡುಗನ ಎರಡೂ ಜೇಬಿಗೆ ಕಡಲೆ ತುಂಬಿದರು. ಅವನು ಬೇಡ ಬೇಡ ಎನ್ನುತ್ತಲೇ ಜೇಬು ಅಗಲ ಮಾಡಿ ಹಿಡಿದ.

ದಾರಿಯುದ್ದಕ್ಕೂ ಹುಡುಗ 'ನೀವು ಬರುವ ಸ್ವಲ್ಪ ಮುಂಚೆ' ಎಂದು ಅಜ್ಜಿಯ ಧ್ವನಿಯಲ್ಲಿ ಹೇಳಿ ನಗಿಸುತ್ತಿದ್ದ. ನಾನೂ ನಗುತ್ತಿದ್ದೆ. ನನಗೆ ಮಾತ್ರ ಒಳಗೆ ಆ ಇನ್ನೊಂದು ಮಾತು. ಕಳ್ಳ ಒಂದು ಸಲ, ನಾನು ನಾಲ್ಕು ಸಲ. ರಾತ್ರಿ ಊಟಕ್ಕೆ ಕೂತಾಗ ಮನೆಯವರಿಗೆ ಹೇಳಿದೆ. ಪಿಯುಸಿ ಓದುವ ಮಗಳು ಹೊಟ್ಟೆ ಹಿಡಿದು ನಕ್ಕಳು. ನಕ್ಕು ಮುಗಿಸಿ, 'ಅಪ್ಪಾ, ಮೋಟರಿನ ಫೋಟೊ ತೆಗೆದರೆ ಸಾಲದೇ?' ಎಂದಳು.

ಮರುದಿನ ಅದನ್ನೇ ಹಿಡಿದುಕೊಂಡು ಸರ್ಕಾರಿ ವಕೀಲರ ಬಳಿ ಹೋದೆ. ಹೊಸ ಸಂಹಿತೆಯಲ್ಲಿ ಅದೂ ಇದೆ. ಜಪ್ತಿಯಾದ ಮಾಲಿನ ವಿವರ ಬರೆದು, ಫೋಟೊ, ವಿಡಿಯೊ ತೆಗೆದಿಟ್ಟು ಮಾಲನ್ನು ಬೇಗ ವಿಲೇವಾರಿ ಮಾಡಬೇಕು, ಆ ಫೋಟೊ ಸಾಕ್ಷ್ಯವಾಗಿ ನಡೆಯುತ್ತದೆ. ನಮ್ಮ ಕಡತದಲ್ಲಿ ಮೋಟರಿನ ಫೋಟೊ ಇತ್ತು, ಕುಂಕುಮದ ಕಲೆಯೂ ಕಾಣುವಂತೆ. ವಕೀಲರು ನೋಡಿ, 'ಮೋಟರ್ ಬೇಕಾಗಿಲ್ಲ, ಮನುಷ್ಯ ಬಂದರೆ ಸಾಕು' ಎಂದರು. ಒಂದು ನಿಮಿಷದ ಕೆಲಸ. ಇದನ್ನು ನಾಲ್ಕು ತಾರೀಖುಗಳಲ್ಲಿ ಒಬ್ಬರೂ ಅಜ್ಜನಿಗೆ ಹೇಳಿರಲಿಲ್ಲ. ಕೋರ್ಟಿನ ಮುಂದೆ ಮೋಟರಿನ ಮೇಲೆ ಕೂತ ಮುದುಕನನ್ನು ಎಷ್ಟು ಮಂದಿ ನೋಡಿರಬೇಕು! ನಾನೂ ಆ ಹುಣಸೆ ಮರದ ಕೆಳಗೆ ದಿನಕ್ಕೆ ಹತ್ತು ಸಲ ಓಡಾಡುವವನೇ. ಸಾಕ್ಷಿಯ ಖರ್ಚನ್ನು ಸರ್ಕಾರದಿಂದ ಕೊಡಿಸಲು ಕಾನೂನಿನಲ್ಲಿ ಅವಕಾಶವಿದೆ, ಅದನ್ನೂ ಯಾರೂ ಹೇಳಿರಲಿಲ್ಲ. ನಾವು ದೂರು ಬರೆದುಕೊಳ್ಳುವಾಗ ಜಾತಿ, ವಯಸ್ಸು, ತಂದೆಯ ಹೆಸರು, ಮೋಟರಿನ ಬಣ್ಣ ಎಲ್ಲ ಕೇಳುತ್ತೇವೆ. ಮುಂದೆ ಏನೇನು ನಡೆಯುತ್ತದೆ, ಅವರು ಏನನ್ನು ತರಬೇಕು, ಏನನ್ನು ತರಬೇಕಾಗಿಲ್ಲ, ಏನನ್ನು ಕೇಳಿ ಪಡೆಯಬಹುದು ಎಂದು ಐದು ನಿಮಿಷ ಕೂರಿಸಿಕೊಂಡು ಹೇಳುವುದಿಲ್ಲ. ಕಳ್ಳನಿಗೆ ವಕೀಲರಿದ್ದಾರೆ, ಹೇಳುತ್ತಾರೆ. ಅಜ್ಜನಿಗೆ ಇದ್ದವರು ನಾವೇ.

ನಾಳೆ ತಾರೀಖು. ಇವತ್ತು ಸಂಜೆ ಏಳಕ್ಕೆ ಫೋನ್ ಮಾಡಿದೆ. ಎತ್ತಿಕೊಂಡವರು ಅಜ್ಜಿ. ಅಜ್ಜ ಇದ್ದಾರೆಯೇ ಎಂದೆ. 'ಇದ್ದಾರೆ ಸಾಹೇಬರೇ, ಇದ್ದಾರೆ' ಎಂದು ಜೋರಾಗಿ ನಗುತ್ತ ಫೋನ್ ಕೊಟ್ಟರು.

ಮೋಟರ್ ಬಿಚ್ಚಬೇಡಿ, ಅದು ಬಾವಿಯ ಮೇಲೆಯೇ ಇರಲಿ, ನೀವು ಬನ್ನಿ, ನಾಳೆ ನಿಮ್ಮ ಸಾಕ್ಷಿಯನ್ನೇ ಮೊದಲು ತೆಗೆದುಕೊಳ್ಳುವಂತೆ ಕೇಳಿಕೊಳ್ಳುತ್ತೇನೆಂದು ವಕೀಲರು ಹೇಳಿದ್ದಾರೆ ಎಂದೆ. ಅಜ್ಜ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಹಿಂದೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು.

'ತಮ್ಮಾ, ಒಂದು ಮಾತು' ಎಂದರು. ಸಾಹೇಬರೇ ಹೋಗಿ ತಮ್ಮಾ ಆಗಿದ್ದೆ. 'ರೊಟ್ಟಿ ಒಂದು ಹೊತ್ತಿಗೆ ಕಟ್ಟಿಕೊಳ್ಳಲೋ, ಎರಡು ಹೊತ್ತಿಗೋ?'

'ಒಂದು ಹೊತ್ತಿಗೆ ಸಾಕು ಅಜ್ಜ' ಎಂದೆ.