ಗ್ಲಾಸ್ಗೋ ಗುಡ್ಡದ ಮೇಲೆ ಒಬ್ಬ ಹೆರಿಗೆ ಡಾಕ್ಟರ್

ಗ್ಲಾಸ್ಗೋದ ಸಬ್‌ವೇ ರೈಲು ತೀರಾ ಪುಟ್ಟದು. ಎತ್ತರದವರು ತಲೆ ತಗ್ಗಿಸಿಯೇ ಹತ್ತಬೇಕು. ಹಿಲ್‌ಹೆಡ್‌ನಲ್ಲಿಳಿದು ಏರು ಹತ್ತಿದರೆ ಯೂನಿವರ್ಸಿಟಿ. ಆ ಗೋಥಿಕ್ ಕಟ್ಟಡದೊಳಗೇ ಹಂಟೇರಿಯನ್ ಮ್ಯೂಸಿಯಂ. ಟಿಕೆಟ್ ಇಲ್ಲ. 1807ರಲ್ಲಿ ಶುರುವಾದ ಇದು ಸ್ಕಾಟ್ಲೆಂಡಿನ ಅತಿ ಹಳೆಯ ಸಾರ್ವಜನಿಕ ಮ್ಯೂಸಿಯಂ. ಮೊದಲು ಇಲ್ಲಿದ್ದದ್ದೆಲ್ಲ ಒಬ್ಬನೇ ಡಾಕ್ಟರ್ ಕೂಡಿಟ್ಟದ್ದು.

ಅವನೇ ವಿಲಿಯಂ ಹಂಟರ್. ಹುಟ್ಟಿದ್ದು 1718ರಲ್ಲಿ, ಇಲ್ಲೇ ಹತ್ತಿರದ ಈಸ್ಟ್ ಕಿಲ್‌ಬ್ರೈಡ್ ಕಡೆ. ಪಾದ್ರಿಯಾಗಲಿ ಎಂದು 13ನೇ ವಯಸ್ಸಿಗೇ ಗ್ಲಾಸ್ಗೋ ಯೂನಿವರ್ಸಿಟಿಗೆ ಸೇರಿಸಿದ್ದರು. ಹುಡುಗ ಆ ದಾರಿ ಬಿಟ್ಟ. ವಿಲಿಯಂ ಕಲೆನ್ ಎಂಬ ವೈದ್ಯನ ಹತ್ತಿರ ಪಳಗಿ, ಆಮೇಲೆ ಲಂಡನ್ ಸೇರಿ ಹೆರಿಗೆ ವೈದ್ಯನಾಗಿ ಹೆಸರು ಮಾಡಿದ. ಬ್ರಿಟನ್ನಿನ ರಾಣಿ ಶಾರ್ಲೆಟ್‌ಗೂ ಅವನೇ ಡಾಕ್ಟರ್. ಕೈತುಂಬಾ ಸಂಪಾದನೆ, ಮದುವೆ ಇಲ್ಲ. ದುಡ್ಡೆಲ್ಲ ನಾಣ್ಯ, ಪುಸ್ತಕ, ಚಿಪ್ಪು, ಮೂಳೆಗಳಿಗೇ ಹೋಯಿತು. ತಮ್ಮ ಜಾನ್ ಹಂಟರ್ ಇನ್ನೂ ಪ್ರಸಿದ್ಧ ಸರ್ಜನ್. ಕೊನೆಗೆ ಇಬ್ಬರೂ ಜಗಳವಾಡಿಕೊಂಡದ್ದು ಆಸ್ತಿಗಲ್ಲ, ಹೊಕ್ಕುಳಬಳ್ಳಿಯ ಆಚೆ ತುದಿಯ ಮಾಸಿನ ವಿಷಯ ಮೊದಲು ಕಂಡುಹಿಡಿದವರು ಯಾರು ಅಂತ!

ಹಂಟರ್ 1770ರಲ್ಲಿ ಜಾರ್ಜ್ ಸ್ಟಬ್ಸ್ ಎಂಬ ಚಿತ್ರಕಾರನ ಕೈಲಿ ಬರೆಸಿದ ಮೂಸ್ (ಒಂದು ಜಾತಿಯ ಭಾರಿ ಜಿಂಕೆ) ಚಿತ್ರವೂ ಈ ಸಂಗ್ರಹದ್ದೇ. ಕೆನಡಾದಿಂದ ತಂದ ಎಳೆಯ ಪ್ರಾಣಿ. ಅದರ ಕಾಲ ಬಳಿ ನೆಲದ ಮೇಲೆ ಬೆಳೆದ ಮೂಸ್‌ನ ಕೊಂಬುಗಳು. ಸುಮ್ನೆ ಅಂದಕ್ಕಲ್ಲ. ಐರ್ಲೆಂಡಿನಲ್ಲಿ ಸಿಗುತ್ತಿದ್ದ ದೈತ್ಯ ಕೊಂಬುಗಳು ಇದೇ ಜಾತಿಯವಾ, ಇಲ್ಲ ಅಳಿದುಹೋದ ಬೇರೆ ಪ್ರಾಣಿಯವಾ ಎಂದು ಹಂಟರ್‌ಗೆ ಗೊತ್ತಾಗಬೇಕಿತ್ತು.

ನನ್ನನ್ನು ಜಾಸ್ತಿ ಕಾಡಿದ್ದು ಅವನ 1774ರ ಪುಸ್ತಕ. ತುಂಬು ಗರ್ಭಕೋಶದ 34 ಚಿತ್ರಫಲಕಗಳು, ಹಲವು ನಿಜ ಅಳತೆಯವು. ಅವುಗಳ ಪ್ರತಿಗಳನ್ನು ಫೋನಿನಲ್ಲಿ ದೊಡ್ಡದು ಮಾಡಿ ನೋಡುತ್ತಾ ಕೂತಿದ್ದೆ. ಒಂದರಲ್ಲಿ ಭ್ರೂಣದ ಸುತ್ತಲಿನ ಒದ್ದೆ ಪೊರೆಯ ಮೇಲೆ ಕೋಣೆಯ ಕಿಟಕಿ ಹೊಳೆಯುತ್ತಿದೆ, ಅಡ್ಡಪಟ್ಟಿಗಳ ಸಮೇತ. ಚಿತ್ರಕಾರ ಯಾನ್ ವಾನ್ ರಿಮ್ಸ್‌ಡೈಕ್ ಅಷ್ಟೂ ಬಿಡದೆ ಬರೆದಿದ್ದಾನೆ. ಫಲಕದ ಕೆಳಗೆ ಚಿತ್ರ ಬರೆದವನ ಹೆಸರಿದೆ, ಅದನ್ನು ಅಚ್ಚಿಗೆ ಕೆತ್ತಿದವನ ಹೆಸರಿದೆ. ಬಸುರಿಯಾಗಿಯೇ ಸತ್ತ ಆ ಹೆಂಗಸರದ್ದು ಮಾತ್ರ ಇಲ್ಲ. ಅವರನ್ನು ಯಾರೂ ಒಪ್ಪಿಗೆ ಕೇಳಿರಲಿಕ್ಕಿಲ್ಲ, ಅಲ್ವಾ? ಆ ದೇಹಗಳಿಂದಲೇ ತೆಗೆದ ಪ್ಲಾಸ್ಟರ್ ಅಚ್ಚುಗಳೂ ಇದೇ ಯೂನಿವರ್ಸಿಟಿಯಲ್ಲಿವೆ. ಹಂಟರ್ ದೊಡ್ಡ ಡಾಕ್ಟರ್, ಅದರಲ್ಲಿ ಅನುಮಾನವಿಲ್ಲ. ಆದರೂ ಅವನನ್ನು ಪೂರ್ತಿ ಮೆಚ್ಚಿಕೊಳ್ಳಲು ನನಗೆ ಮನಸ್ಸು ಬರಲಿಲ್ಲ.

ಹೋಗುವುದಾದರೆ ಸೋಮವಾರ ಬಿಟ್ಟು ಹೋಗಿ, ಅಂದು ರಜೆ.