ಮಾತಲ್ಲಿ ಪದಗಳ ಮಧ್ಯೆ ಜಾಗ ಎಲ್ಲಿದೆ?

ಗೊತ್ತಿಲ್ಲದ ಭಾಷೆ ಕಿವಿಗೆ ಬಿದ್ರೆ ಎಲ್ರೂ ಹೇಳೋದು ಒಂದೇ, ಅಬ್ಬಾ ಎಷ್ಟು ಸ್ಪೀಡಾಗಿ ಮಾತಾಡ್ತಾರಪ್ಪ ಇವ್ರು ಅಂತ. ನಿಜವಾಗಿ ನಮ್ಗೆ ಕಷ್ಟ ಆಗೋದು ಸ್ಪೀಡಿಂದ ಅಷ್ಟೇ ಅಲ್ಲ, ಒಂದು ಪದ ಎಲ್ಲಿ ಮುಗೀತು ಇನ್ನೊಂದು ಎಲ್ಲಿ ಶುರುವಾಯ್ತು ಅಂತಾನೇ ಗೊತ್ತಾಗಲ್ಲ. ಬರೀವಾಗ ಜಾಗ ಬಿಡ್ತೀವಲ್ಲ, ಮಾತಲ್ಲಿ ಅದಿಲ್ಲ, ಎಲ್ಲಾ ಒಂದಕ್ಕೊಂದು ಅಂಟ್ಕೊಂಡೇ ಬರುತ್ತೆ (ಪ, ತ, ಕ ಹೇಳೋವಾಗ ಪದದ ಮಧ್ಯದಲ್ಲೇ ದನಿ ಒಂದು ಕ್ಷಣ ನಿಲ್ಲುತ್ತೆ, ಅದು ಇನ್ನೊಂದು ಫಜೀತಿ). ನಮ್ಮ ಭಾಷೆ ಬಿಡಿಬಿಡಿಯಾಗಿ ಕೇಳ್ಸೋದು ಪದಗಳು ಮೊದ್ಲೇ ಗೊತ್ತಿರೋದ್ರಿಂದ. ಹಾಗಾದ್ರೆ ಒಂದು ಪದಾನೂ ಗೊತ್ತಿಲ್ಲದ ಕೂಸು ಎಲ್ಲಿಂದ ಶುರು ಮಾಡುತ್ತೆ?

1996ರಲ್ಲಿ ಜೆನ್ನಿ ಸ್ಯಾಫ್ರನ್, ರಿಚರ್ಡ್ ಆಸ್ಲಿನ್, ಎಲಿಸಾ ನ್ಯೂಪೋರ್ಟ್ ಅನ್ನೋ ಸಂಶೋಧಕರು ಸೇರಿ 8 ತಿಂಗಳ ಮಕ್ಕಳಿಗೆ ಒಂದು ಸುಳ್ಳು ಭಾಷೆ ಕೇಳಿಸಿದ್ರು. ಟುಪಿರೊ, ಗೋಲಾಬು, ಬಿಡಾಕು, ಪಡೋಟಿ ಥರದ ನಾಲ್ಕೇ ಪದ, ಕಂಪ್ಯೂಟರ್ ದನಿ, ಏರಿಳಿತ ಇಲ್ಲ, ಗ್ಯಾಪ್ ಇಲ್ಲ, ಬರೀ 2 ನಿಮಿಷ. ಇದ್ದ ಸುಳಿವು ಒಂದೇ: ‘ಬಿ’ ಆದ್ಮೇಲೆ ಯಾವಾಗ್ಲೂ ‘ಡಾ’ನೇ ಬರುತ್ತೆ, ಆದ್ರೆ ‘ಕು’ ಆದ್ಮೇಲೆ ಪದ ಮುಗೀತಲ್ಲ, ಉಳಿದ ಮೂರು ಪದಗಳಲ್ಲಿ ಯಾವ್ದಾದ್ರೂ ಒಂದು ಶುರುವಾಗ್ಬಹುದು. ಆಮೇಲೆ ಪದಗಳನ್ನ, ಮತ್ತೆ ಒಂದು ಪದದ ಬಾಲ ಇನ್ನೊಂದರ ತಲೆ ಸೇರಿಸಿದ ತುಣುಕುಗಳನ್ನ ಬೇರೆಬೇರೆಯಾಗಿ ಕೇಳಿಸಿದ್ರೆ ಮಕ್ಕಳು ತುಣುಕಿನ ಕಡೆಗೇ ಜಾಸ್ತಿ ಹೊತ್ತು ಗಮನ ಕೊಟ್ವು, ಅಂದ್ರೆ ಅದು ಅವಕ್ಕೆ ಹೊಸ್ದು ಅನ್ನಿಸ್ತು. ಯಾವ್ದರ ಹಿಂದೆ ಯಾವ್ದು ಬರುತ್ತೆ ಅನ್ನೋ ಲೆಕ್ಕ ಆಗ್ಲೇ ತಲೇಲಿ ಓಡ್ತಾ ಇತ್ತು!

ಇಲ್ಲಿಗೆ ನಿಲ್ಲಿಸಿ ‘ಮಕ್ಕಳು ಜೀನಿಯಸ್, ನಮ್ಮ ಕೈಲಿ ಇನ್ನು ಆಗಲ್ಲ’ ಅಂದ್ಬಿಡೋದು ನಂಗೆ ಇಷ್ಟ ಆಗಲ್ಲ. ಯಾಕಂದ್ರೆ 1997ರಲ್ಲಿ ಇದೇ ಗುಂಪಿನವ್ರು ದೊಡ್ಡವರನ್ನೂ ಒಂದನೇ ಕ್ಲಾಸಿನ ಮಕ್ಕಳನ್ನೂ ಕಂಪ್ಯೂಟರ್‌ ಮುಂದೆ ಚಿತ್ರ ಬಿಡಿಸೋಕೆ ಕೂರಿಸಿ, ಹಿಂದ್ಗಡೆ ಇಂಥದ್ದೇ ಟೇಪು ಹಾಕಿಟ್ರು, ಕೇಳಿ ಅಂತಾನೂ ಹೇಳಿಲ್ಲ, ಆದ್ರೂ ಇಬ್ರೂ ಹೆಚ್ಚುಕಮ್ಮಿ ಒಂದೇ ಥರ ಪದಗಳನ್ನ ಗುರುತಿಸಿದ್ರು. ದೊಡ್ಡವರ ಕಿವಿ ಕೆಲವು ಶಬ್ದಗಳ ವ್ಯತ್ಯಾಸ ಕಳ್ಕೊಳುತ್ತೆ ಅನ್ನೋದೇನೋ ನಿಜ. ಇಂಗ್ಲಿಷ್ ಮನೆಯ ಕೂಸು 6-8 ತಿಂಗಳಲ್ಲಿ ಹಿಂದಿಯ ತ ಮತ್ತು ಟ ಬೇರೆ ಅಂತ ಗುರುತಿಸುತ್ತೆ, ವರ್ಷ ತುಂಬೋ ಹೊತ್ತಿಗೆ ಹೆಚ್ಚಿನ ಮಕ್ಕಳಿಗೆ ಅದು ಆಗಲ್ಲ ಅಂತ ಜಾನೆಟ್ ವರ್ಕರ್, ರಿಚರ್ಡ್ ಟೀಸ್ 1984ರಲ್ಲೇ ತೋರಿಸಿದ್ರು. ಆದ್ರೆ ಲೆಕ್ಕ ಇಡೋ ಕೆಲಸ ನಿಂತಿಲ್ಲ.

ನಂಗೆ ಇಂಟರೆಸ್ಟಿಂಗ್ ಅನ್ಸೋದು ಗ್ರಾಮರ್ ವಿಷ್ಯ. ಪದ ಹುಡುಕೋಕೆ ಕೇಳಿದ್ದನ್ನೇ ನೆನಪಿಟ್ರೆ ಸಾಕು, ನಿಯಮ ಅಂದ್ರೆ ಕೇಳದೇ ಇರೋದಕ್ಕೂ ಅನ್ವಯಿಸ್ಬೇಕು. 2002ರಲ್ಲಿ ಮಾರ್ಸೆಲಾ ಪೆನ್ಯಾ ಮತ್ತೆ ಜೊತೆಯವ್ರು ಫ್ರೆಂಚ್ ಮಾತಾಡೋ ದೊಡ್ಡವರಿಗೆ ಪುಲಿಕಿ, ಪುರಾಕಿ, ಪುಫೋಕಿ ಥರದ ಪದಗಳ ಸಾಲು ಕೇಳಿಸಿದ್ರು, ಮಧ್ಯದ್ದು ಬದಲಾಗುತ್ತೆ, ‘ಪು’ ಇದ್ರೆ ಕೊನೇಲಿ ‘ಕಿ’ ಬರ್ಲೇಬೇಕು. ಗ್ಯಾಪ್ ಇಲ್ದೆ ಕೇಳಿಸಿದಾಗ ಪದಗಳು ಸಿಕ್ವು, ನಿಯಮ ಸಿಗ್ಲಿಲ್ಲ, ಅಂದ್ರೆ ಟೆಸ್ಟಲ್ಲಿ ‘ಪು’ ‘ಕಿ’ ಮಧ್ಯೆ ಬೇರೆ ಶಬ್ದ ಹಾಕಿ ಕೇಳಿಸಿದ್ರೆ ಅದೂ ಇದೇ ಜಾತಿದು ಅಂತ ಹಿಡೀಲಿಲ್ಲ. ಅರ್ಧ ಗಂಟೆ ಕೇಳಿಸಿದ್ರೂ ಊಹೂಂ. ಆದ್ರೆ ಪದಗಳ ಮಧ್ಯೆ 25 ಮಿಲಿಸೆಕೆಂಡು ಮೌನ ತೂರಿಸಿದ್ರು ನೋಡಿ, ಕೇಳೋರಿಗೆ ಗ್ಯಾಪ್ ಇದೆ ಅಂತಾನೂ ಗೊತ್ತಾಗ್ಲಿಲ್ಲ, ಆದ್ರೂ ನಿಯಮ ಸಿಕ್ತು, ಅದೂ 2 ನಿಮಿಷದಲ್ಲೇ. ಅಂದ್ರೆ ಎಷ್ಟು ಹೊತ್ತು ಕೇಳಿದ್ವಿ ಅನ್ನೋದೊಂದೇ ಲೆಕ್ಕಕ್ಕೆ ಬರಲ್ಲ, ಪದ ಕತ್ತರಿಸೋ ಕೆಲಸ ಯಾರೋ ಮಾಡ್ಕೊಟ್ಟಿದ್ರೆ ಮಾತ್ರ ತಲೆ ನಿಯಮದ ಕಡೆ ತಿರುಗುತ್ತೆ ಅನ್ನೋದು ಅವ್ರ ವಾದ. ಗ್ಯಾರಿ ಮಾರ್ಕಸ್ 1999ರಲ್ಲಿ 7 ತಿಂಗಳ ಮಕ್ಕಳು ‘ಗ ತಿ ಗ’ ಥರದ್ದು ಕೇಳಿ ‘ವೋ ಫೆ ವೋ’ನೂ ಅದೇ ಜಾತಿದು ಅಂತ ಹಿಡಿದ್ವು ಅಂತ ತೋರಿಸಿದ್ರಲ್ಲ, ಅಲ್ಲೂ ವಾಕ್ಯಗಳ ಮಧ್ಯೆ ಗ್ಯಾಪ್ ಇತ್ತು.

ಇದನ್ನ ಎಲ್ರೂ ಒಪ್ಪಿಲ್ಲ. 2016ರಲ್ಲಿ ರೆಬೆಕಾ ಫ್ರಾಸ್ಟ್, ಪ್ಯಾಡ್ರಿಕ್ ಮೊನಾಹನ್ ಟೆಸ್ಟನ್ನೇ ಬದಲಾಯಿಸಿ ನೋಡಿದ್ರು. ಪೆನ್ಯಾ ಟೆಸ್ಟಲ್ಲಿ ಮಧ್ಯಕ್ಕೆ ಹಾಕಿದ್ದು ಬೇರೆ ಪದಗಳ ಶುರುಲೋ ಕೊನೇಲೋ ಆಗ್ಲೇ ಕೇಳಿದ್ದ ಶಬ್ದ, ಅದು ಇಲ್ಲಿ ಬರಲ್ವಲ್ಲ ಅಂತ ತಲೆ ಬೇಡ ಅಂದಿರ್ಬಹುದು. ಪೂರ್ತಿ ಹೊಸ ಶಬ್ದ ಹಾಕಿದ್ರೆ ಗ್ಯಾಪ್ ಇಲ್ದೇನೂ ನಿಯಮ ಸಿಕ್ತು, ಪದ ಸಿಗೋ ಹೊತ್ತಿಗೇ. ನಂಗಂತೂ ಇದೇ ಹೆಚ್ಚು ಸರಿ ಅನ್ಸುತ್ತೆ, ಮೊದ್ಲು ಪದ ಮುಗಿಸಿ ಆಮೇಲೆ ಗ್ರಾಮರ್ ಅಂತ ಕೂಸು ಕಾಯ್ತಾ ಕೂತಿರುತ್ತೆ ಅನ್ನೋದು ನಂಬೋಕೆ ಕಷ್ಟ, ಆದ್ರೂ ಆ 25 ಮಿಲಿಸೆಕೆಂಡು ಕೆಲಸವನ್ನ ಅಷ್ಟು ಸುಲಭ ಮಾಡಿದ್ದು ಹೇಗೆ ಅನ್ನೋದಕ್ಕೆ ಇದ್ರಿಂದ ಪೂರ್ತಿ ಉತ್ತರ ಸಿಗಲ್ಲ.